ಬೊಲೊನ್ಯದ ವೈದ್ಯಗುರು ತದ್ದೆಯೊ

ಎಳ್ಳಮಾಸಿಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗುವ ನಮ್ಮ ಕಡೆಯವರಿಗೆ ಎಣಗಾಯಿ ಪಲ್ಯ ಇಲ್ಲದ ಬುತ್ತಿ ಬುತ್ತಿಯೇ ಅಲ್ಲ. ಬದನೆಕಾಯಿಯನ್ನು ಒಂಬತ್ತು ದಿನ ಬಿಡದೆ ತಿಂದವನಿಗೆ ಹುಚ್ಚು ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಆದರೆ ಈ ಮಾತನ್ನು ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಟಲಿಯ ಬೊಲೊನ್ಯ ಪಟ್ಟಣದಲ್ಲಿ ಒಬ್ಬ ದೊಡ್ಡ ವೈದ್ಯಗುರು ಪಾಠದಲ್ಲಿ ಓದಿ ಹೇಳಿದನಂತೆ. ಶಿಷ್ಯರು ಬರೆದುಕೊಂಡರು. ಒಬ್ಬ ಶಿಷ್ಯ ಮಾತ್ರ ಬರೆದುಕೊಂಡು ಸುಮ್ಮನಾಗಲಿಲ್ಲ. ಮನೆಗೆ ಹೋಗಿ ಒಂಬತ್ತು ದಿನ ಹೊತ್ತುಹೊತ್ತಿಗೆ ಬದನೆಕಾಯಿಯನ್ನೇ ತಿಂದ. ಹತ್ತನೆಯ ದಿನ ಗುರುವಿನ ಮುಂದೆ ಬಂದು ನಿಂತು, ನೀವು ಓದಿದ ಮಾತು ಸುಳ್ಳು, ನಾನು ತಿಂದು ನೋಡಿದ್ದೇನೆ, ನನಗೆ ಹುಚ್ಚು ಹಿಡಿದಿಲ್ಲ ಎಂದ. ಅಷ್ಟಕ್ಕೇ ನಿಲ್ಲದೆ ಬೆನ್ನು ತಿರುಗಿಸಿ, ಅಂಗಿ ಎತ್ತಿ, ಗುರುವಿಗೆ ತನ್ನ ಹಿಂಭಾಗವನ್ನು ತೋರಿಸಿದ. ಬಾನುಲಿಯಲ್ಲಿ ಇದಕ್ಕಿಂತ ಬಿಡಿಸಿ ಹೇಳುವುದು ಕಷ್ಟ. ಗುರು ಸಿಟ್ಟಾಗಲಿಲ್ಲ. ಉಳಿದ ಶಿಷ್ಯರ ಕಡೆ ತಿರುಗಿ, ಬದನೆಯ ಗುಣ ಈಗ ಸಿದ್ಧವಾಯಿತು, ಬರೆದುಕೊಳ್ಳಿ ಎಂದನಂತೆ.

ಈ ನಗೆಗಥೆ ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಇಟಲಿಯ ಆಡುಮಾತಿನಲ್ಲಿ ಸಂಗ್ರಹವಾದ ನೊವೆಲ್ಲಿನೊ ಎಂಬ ಕಥಾಗುಚ್ಛದಲ್ಲಿದೆ. ಕಥೆಯ ಗುರುವಿನ ಹೆಸರು ತದ್ದೆಯೊ. ಅವನು ಕಟ್ಟುಕಥೆಯ ಮನುಷ್ಯನಲ್ಲ. ಫ್ಲಾರೆನ್ಸಿನಲ್ಲಿ ಹುಟ್ಟಿ, ಬೊಲೊನ್ಯದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ, 1295ರಲ್ಲಿ ತೀರಿಕೊಂಡ ತದ್ದೆಯೊ ಆಲ್ದೆರೊತ್ತಿ ಅವನು. ಬದುಕಿದ್ದಾಗಲೇ, ಇಲ್ಲವೆ ಸತ್ತ ಹೊಸತರಲ್ಲೇ, ಅವನ ಹೆಸರಿನ ಮೇಲೆ ನಗೆಗಥೆ ಕಟ್ಟಿದರು ಎಂದರೆ ಊರಿಗೆಲ್ಲ ಗೊತ್ತಿದ್ದ ಮನುಷ್ಯನೇ ಆಗಿರಬೇಕು. ಗೊತ್ತಿಲ್ಲದವನ ಮೇಲೆ ಯಾರೂ ನಗೆಗಥೆ ಕಟ್ಟುವುದಿಲ್ಲ.

ಬದನೆಯ ಮಾತು ಬಂತೆಂದು ಇನ್ನೊಂದು ಸಂಗತಿ. ಈ ಕಾಯಿ ಇಟಲಿಗೆ ಹೋದದ್ದು ನಮ್ಮ ದೇಶದ ಕಡೆಯಿಂದಲೇ. ಪಾರಸಿಯವರು ಬಾದಿಂಗಾನ್ ಎಂದರು, ಅರಬರು ಬಾದಿಂಜಾನ್ ಎಂದರು, ಅದೇ ಹೆಸರು ತದ್ದೆಯೊನ ಜನರ ಬಾಯಲ್ಲಿ ಪೆತೊಂಚಾನೊ ಆಯಿತು. ಹೊಸದಾಗಿ ಬಂದ ಕಾಯಿಯ ಬಗ್ಗೆ ಹೆದರಿಕೆ ಇತ್ತು. ಇಂದಿನ ಇಟಾಲಿಯನ್ ಹೆಸರು ಮೆಲಂಜಾನ. ಅದನ್ನು ಹುಚ್ಚು ಸೇಬು ಎಂದು ಬಿಡಿಸಿ ಅರ್ಥ ಹೇಳುವ ರೂಢಿ ಅಲ್ಲಿ ಬಹಳ ಕಾಲ ಇತ್ತು.

ತದ್ದೆಯೊ ಬಡವರ ಮನೆಯ ಮಗ. ಅವನು ಸತ್ತು ನೂರು ವರ್ಷದ ಹೊತ್ತಿಗೆ ಫ್ಲಾರೆನ್ಸಿನ ಪ್ರಸಿದ್ಧರ ಚರಿತ್ರೆ ಬರೆದ ಫಿಲಿಪ್ಪೊ ವಿಲ್ಲಾನಿ ಒಂದು ಮಾತು ಹೇಳುತ್ತಾನೆ. ಮೂವತ್ತು ವರ್ಷದವರೆಗೆ ಇವನು ಮಂಕು ಕವಿದವನ ಹಾಗೆ ಇದ್ದ, ಓರ್ ಸಾನ್ ಮಿಕೇಲೆಯ ಹತ್ತಿರ ದೇವರಿಗೆ ಹಚ್ಚುವ ಸಣ್ಣ ಮೇಣದ ಬತ್ತಿ ಮಾರಿಕೊಂಡಿದ್ದ, ಆಮೇಲೆ ಎಚ್ಚರವಾದವನಂತೆ ಓದಲು ಹೊರಟ ಎಂದು. ಇದರಲ್ಲಿ ಎಷ್ಟು ಪಾಲು ದಂತಕಥೆಯೋ ಏನೋ. ದೊಡ್ಡವರ ಬಾಲ್ಯವನ್ನು ದಡ್ಡತನದಿಂದ ಶುರು ಮಾಡುವ ಚಾಳಿ ನಮ್ಮಲ್ಲೂ ಇದೆ. ಆದರೆ ಅವನು ತಡವಾಗಿ ವಿದ್ಯೆಗೆ ಬಂದವನು, ಬೊಲೊನ್ಯದಲ್ಲಿ ಪಾಠ ಶುರು ಮಾಡಿದ್ದು 1260ರ ಸುಮಾರಿಗೆ, ಅಂದರೆ ವಯಸ್ಸು ನಲವತ್ತು ದಾಟಿದ ಮೇಲೆ ಎಂಬುದನ್ನು ಒಪ್ಪಬಹುದು.

ಬೊಲೊನ್ಯ ಆಗ ಕಾನೂನಿನ ಊರು. ಯುರೋಪಿನ ಮೂಲೆಮೂಲೆಯಿಂದ ಕಾನೂನು ಓದಲು ಹುಡುಗರು ಬರುತ್ತಿದ್ದರು. ಅವರಿಗೂ ಅವರ ಗುರುಗಳಿಗೂ ಪಟ್ಟಣದಲ್ಲಿ ಮರ್ಯಾದೆ, ರಿಯಾಯಿತಿ ಎಲ್ಲ ಇತ್ತು. ವೈದ್ಯ ಕಲಿಸುವವರಿಗೆ ಆ ಸ್ಥಾನ ಇರಲಿಲ್ಲ. ವೈದ್ಯ ಎಂದರೆ ಕೈಕಸುಬು, ಗಾಯ ಕಟ್ಟುವವನ ಕೆಲಸ, ಅದಕ್ಕೇನು ಶಾಸ್ತ್ರ ಎಂಬ ಉದಾಸೀನ. ತದ್ದೆಯೊ ಮಾಡಿದ ಮೊದಲ ಕೆಲಸ ಈ ಉದಾಸೀನವನ್ನು ಮುರಿದದ್ದು. ಅರಿಸ್ಟಾಟಲನ ತರ್ಕವನ್ನೂ ಪ್ರಕೃತಿಶಾಸ್ತ್ರವನ್ನೂ ವೈದ್ಯದ ಪಾಠಕ್ಕೆ ತಂದ. ಕಾನೂನಿನವರು ತಮ್ಮ ಗ್ರಂಥಗಳಿಗೆ ಹೇಗೆ ಸಾಲುಸಾಲಿಗೆ ವ್ಯಾಖ್ಯಾನ ಮಾಡುತ್ತಿದ್ದರೋ ಹಾಗೆ ಹಿಪಾಕ್ರಟೀಸ್ ಮತ್ತು ಗ್ಯಾಲೆನರ ಗ್ರಂಥಗಳಿಗೆ ವ್ಯಾಖ್ಯಾನ ಬರೆದ. ಮುಂದೆ ನಗರಸಭೆಯಿಂದ ತನಗೂ ತನ್ನ ಶಿಷ್ಯರಿಗೂ ಕಾನೂನಿನವರಿಗಿದ್ದ ತೆರಿಗೆ ರಿಯಾಯಿತಿಯನ್ನೇ ಗಿಟ್ಟಿಸಿಕೊಂಡ.

ಈಗ ಆ ಗ್ರಂಥಗಳ ಮಾತು. ಇಲ್ಲಿ ನೀವು ಸ್ವಲ್ಪ ತಾಳ್ಮೆಯಿಂದ ಕೇಳಬೇಕು, ಯಾಕೆಂದರೆ ತದ್ದೆಯೊನ ನಿಜವಾದ ಕಷ್ಟ ಇಲ್ಲೇ ಇದೆ. ಹಿಪಾಕ್ರಟೀಸನೂ ಗ್ಯಾಲೆನನೂ ಬರೆದದ್ದು ಗ್ರೀಕಿನಲ್ಲಿ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಅವನ ಸಂಗಡಿಗರು ಅವನ್ನು ಸಿರಿಯಾಕ್ ಮತ್ತು ಅರಬಿಗೆ ತಂದರು. ಹನ್ನೊಂದನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದಿಂದ ಇಟಲಿಗೆ ಬಂದು ಮೊಂಟೆ ಕಸ್ಸಿನೊ ಮಠದಲ್ಲಿ ಸನ್ಯಾಸಿಯಾದ ಕಾನ್‌ಸ್ಟಂಟೈನ್ ಎಂಬುವನು ಅವುಗಳಲ್ಲಿ ಹಲವನ್ನು ಅರಬಿಯಿಂದ ಲ್ಯಾಟಿನ್ನಿಗೆ ತಂದ. ಇಬ್ನ್ ಸೀನಾನ ದೊಡ್ಡ ಗ್ರಂಥ ಅಲ್ ಕಾನೂನ್ ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ತೊಲೆದೊ ಪಟ್ಟಣದಲ್ಲಿ ಕ್ರೆಮೊನದ ಗೆರಾರ್ಡನ ಕೈಯಲ್ಲಿ ಲ್ಯಾಟಿನ್ ಆಯಿತು. ಈ ಇಬ್ನ್ ಸೀನಾ ನಮಗೂ ಹೊರಗಿನವನಲ್ಲ. ಬೀದರ, ಗುಲ್ಬರ್ಗಾ, ಹೈದರಾಬಾದಿನ ಯುನಾನಿ ಹಕೀಮರ ವಿದ್ಯೆಗೆ ಅದೇ ಗ್ರಂಥ ಬೇರು. ಯುನಾನಿ ಎಂದರೆ ಗ್ರೀಕರದು ಎಂದೇ ಅರ್ಥ. ಒಂದೇ ಹೊಳೆಯ ಒಂದು ಕಾಲುವೆ ಬೊಲೊನ್ಯಕ್ಕೆ ಹೋಯಿತು, ಇನ್ನೊಂದು ದಖ್ಖನಿಗೆ ಬಂತು.

ಮೂರು ನಾಲ್ಕು ಭಾಷೆ ದಾಟಿ ಬಂದ ಮಾತು ಹೇಗಿರುತ್ತದೆ ಎಂದು ಗಡಿಯಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತದ್ದೆಯೊ ಹಿಪಾಕ್ರಟೀಸನ ಸೂತ್ರಗಳಿಗೆ ವ್ಯಾಖ್ಯಾನ ಬರೆಯುವಾಗ ಕಾನ್‌ಸ್ಟಂಟೈನನ ಅನುವಾದದ ಮೇಲೆ ಹರಿಹಾಯುತ್ತಾನೆ. ಅವನನ್ನು ತಲೆಕೆಟ್ಟ ಸನ್ಯಾಸಿ ಎನ್ನುವಷ್ಟರ ಮಟ್ಟಿಗೆ ಅವನ ಸಿಟ್ಟು. ಬೇಕಾದದ್ದನ್ನು ಬಿಟ್ಟಿದ್ದಾನೆ, ಬೇಡದ್ದನ್ನು ಸೇರಿಸಿದ್ದಾನೆ, ಪಿಸಾದ ಬುರ್ಗುಂದಿಯೊ ಗ್ರೀಕಿನಿಂದ ನೇರ ಮಾಡಿದ ಅನುವಾದ ಇದಕ್ಕಿಂತ ಎಷ್ಟೋ ಮೇಲು ಎಂಬುದು ಅವನ ದೂರು. ಆದರೂ ಪಾಠಕ್ಕೆ ಇಟ್ಟುಕೊಂಡದ್ದು ಕಾನ್‌ಸ್ಟಂಟೈನನದನ್ನೇ. ಕಾರಣ ಸರಳ. ಎಲ್ಲ ಶಿಷ್ಯರ ಕೈಯಲ್ಲಿದ್ದದ್ದು ಅದೇ. ಮೇಷ್ಟರ ಕೆಲಸ ಮಾಡಿದ ನನಗೆ ಈ ಮಾತು ಓದಿದಾಗ ನಗು ಬಂತು. ತಪ್ಪು ತುಂಬಿದ ಪಠ್ಯಪುಸ್ತಕವನ್ನು ತಪ್ಪು ತಿದ್ದುತ್ತಲೇ ಪಾಠ ಮಾಡದ ಮೇಷ್ಟರು ಯಾರಿದ್ದಾರೆ?

ಅವನ ಪಾಠದ ರೀತಿಯೂ ಹಾಗೆಯೇ. ಒಂದು ಸಾಲು ಓದಿ, ಅದರ ಮೇಲೆ ಒಂದು ಪ್ರಶ್ನೆ ಎತ್ತುವುದು. ಆ ಕಡೆಯ ವಾದ, ಈ ಕಡೆಯ ವಾದ ಎರಡನ್ನೂ ಹೇಳುವುದು. ಕೊನೆಗೆ ತನ್ನ ತೀರ್ಮಾನ ಕೊಡುವುದು. ದೇಹದ ಒಡೆಯ ಹೃದಯ ಎಂದು ಅರಿಸ್ಟಾಟಲ್ ಹೇಳುತ್ತಾನೆ, ಅರಿವಿಗೂ ಚಲನೆಗೂ ಮೂಲ ಮಿದುಳು ಎಂದು ಗ್ಯಾಲೆನ್ ಹೇಳುತ್ತಾನೆ. ಇಬ್ಬರೂ ದೊಡ್ಡವರು. ಹಾಗಾದರೆ ವೈದ್ಯ ಯಾರ ಮಾತು ಹಿಡಿಯಬೇಕು? ಆ ಕಾಲದ ತರಗತಿಗಳಲ್ಲಿ ಇಂಥ ಜಗಳ ದಿನಗಟ್ಟಲೆ ನಡೆಯುತ್ತಿತ್ತು. ಇದೆಲ್ಲ ಬರೀ ಮಾತಿನ ಮಲ್ಲಯುದ್ಧ ಎಂದು ನಿಮಗೆ ಅನಿಸಬಹುದು. ಬಹಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಗರ್ಭದ ವಿಷಯದ ಒಂದು ಪ್ರಶ್ನೆಗೆ ಬಂದಾಗ ತದ್ದೆಯೊ ಎಲ್ಲ ವಾದ ಹೇಳಿ ನಿಲ್ಲುತ್ತಾನೆ. ಗರ್ಭಿಣಿಯ ದೇಹವನ್ನು ಕೊಯ್ದು ನೋಡಿದ್ದನ್ನು ನಾನು ಕಂಡಿಲ್ಲ, ಆದ್ದರಿಂದ ತೀರ್ಮಾನ ಹೇಳಲಾರೆ ಎಂಬ ಅರ್ಥದ ಮಾತು ಬರೆಯುತ್ತಾನೆ. ಗ್ರಂಥವೇ ಪ್ರಮಾಣ ಎಂದು ನಂಬಿದ ಕಾಲದಲ್ಲಿ, ಊರಿಗೇ ದೊಡ್ಡ ಗುರು, ತುಂಬಿದ ತರಗತಿಯ ಮುಂದೆ ಹೇಳಿದ ಮಾತಿದು. ಬದನೆಕಾಯಿಯ ಶಿಷ್ಯನ ಕಥೆ ಸುಳ್ಳಿರಬಹುದು, ಆದರೆ ಅಂಥ ಶಿಷ್ಯ ಹುಟ್ಟಬಹುದಾದ ತರಗತಿ ಅದು.

ಗ್ರಂಥದ ಕೆಲಸ ಇಷ್ಟು. ಇನ್ನು ರೋಗಿಗಳದು. ಗುಣಪಡಿಸುವ ಕೀರ್ತಿ ಹೆಚ್ಚಾದಂತೆ ದೂರದ ಊರುಗಳಿಂದ ಅವನ ಸಲಹೆ ಕೇಳಿ ಕಾಗದ ಬರತೊಡಗಿದವು. ಅವನು ಬರೆದ ಉತ್ತರಗಳಿಗೆ ಕೊನ್ಸಿಲಿಯಾ ಎಂದು ಹೆಸರು, ಸಲಹೆಗಳು ಎಂದು ಅರ್ಥ. ಕಾನೂನಿನವರು ಒಂದೊಂದು ವ್ಯಾಜ್ಯಕ್ಕೆ ಅಭಿಪ್ರಾಯ ಬರೆದುಕೊಡುತ್ತಿದ್ದ ಪದ್ಧತಿಯನ್ನು ವೈದ್ಯಕ್ಕೆ ತಂದವರಲ್ಲಿ ಇವನು ಮೊದಲಿಗ. ಅವನ ನೂರೈವತ್ತಕ್ಕೂ ಹೆಚ್ಚು ಸಲಹೆಗಳು ಉಳಿದಿವೆ. ರೋಗಿಗೆ ಇರುವ ಬೇನೆ ಏನು ಎಂದು ಮೊದಲು ಹೇಳುತ್ತಾನೆ. ಆಮೇಲೆ ಎಂಥ ಗಾಳಿಯಲ್ಲಿ ಇರಬೇಕು, ಏನು ಉಣ್ಣಬೇಕು, ಏನು ಕುಡಿಯಬೇಕು, ಎಷ್ಟು ನಿದ್ದೆ, ಎಷ್ಟು ನಡಿಗೆ, ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ವಿವರ. ಔಷಧ ಬರುವುದು ಕೊನೆಗೆ. ಶಾಸ್ತ್ರ ಎಲ್ಲ ಮನುಷ್ಯರ ಬಗ್ಗೆ ಮಾತನಾಡುತ್ತದೆ, ಈ ಕಾಗದಗಳು ಒಬ್ಬ ಮನುಷ್ಯನ ಬಗ್ಗೆ. ಅವನ ಔಷಧಗಳಲ್ಲಿ ಹೆಚ್ಚಿನವು ಇಂದಿಗೆ ನಿಲ್ಲುವಂಥವಲ್ಲ. ದ್ರಾಕ್ಷಾರಸವನ್ನು ಮತ್ತೆಮತ್ತೆ ಬಟ್ಟಿಯಿಳಿಸಿ ತೆಗೆದ ಸಾರಾಯಿಯನ್ನು, ಅದಕ್ಕೆ ಅವರು ಜೀವಜಲ ಎನ್ನುತ್ತಿದ್ದರು, ಅವನು ಬಹಳ ಹೊಗಳುತ್ತಾನೆ. ಹಬೆ ಹಾಯುವ ಸುರುಳಿ ನಳಿಕೆಯನ್ನು ತಣ್ಣೀರಿನಿಂದ ತಂಪು ಮಾಡುವ ಬಗೆಯನ್ನು ಬರೆದಿಟ್ಟವರಲ್ಲಿ ಅವನು ಮೊದಲಿಗರ ಸಾಲಿನವನು. ಹೊಗಳಿಕೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ, ಯಂತ್ರವನ್ನು ಒಪ್ಪುತ್ತಾರೆ.

ದುಡ್ಡಿನ ವಿಷಯ ಮುಚ್ಚಿಡುವುದು ಸರಿಯಲ್ಲ. ತದ್ದೆಯೊ ದುಬಾರಿ ವೈದ್ಯ. ಮೇಣದ ಬತ್ತಿ ಮಾರಿದವನು ಸಾಯುವಾಗ ಬೊಲೊನ್ಯದ ಸಾಹುಕಾರರಲ್ಲಿ ಒಬ್ಬ. ಪೋಪ್ ನಾಲ್ಕನೆಯ ಹೊನೋರಿಯಸ್ ಪೀಠದಲ್ಲಿದ್ದದ್ದು 1285ರಿಂದ 1287ರವರೆಗೆ. ಅವರ ಚಿಕಿತ್ಸೆಗೆ ಕರೆ ಬಂದಾಗ ತದ್ದೆಯೊ ದಿನಕ್ಕೆ ನೂರು ಚಿನ್ನದ ನಾಣ್ಯ ಕೇಳಿದನೆಂದೂ, ಹುಬ್ಬೇರಿಸಿದವರಿಗೆ, ಸಣ್ಣ ಧಣಿಗಳೇ ಐವತ್ತು ಕೊಡುತ್ತಾರೆ, ಎಲ್ಲರಿಗಿಂತ ದೊಡ್ಡವರು ನೂರು ಕೊಡಲು ಹಿಂದೆಮುಂದೆ ನೋಡುವುದೇ ಎಂದನೆಂದೂ ವಿಲ್ಲಾನಿಯ ಕಥೆ. ಗುಣವಾದ ಮೇಲೆ ಪೋಪರು ಹತ್ತು ಸಾವಿರ ಕೊಟ್ಟರಂತೆ. ಅಂಕಿಗಳು ಬಾಯಿಂದ ಬಾಯಿಗೆ ಬೆಳೆದಿರಬಹುದು, ಸ್ವಭಾವ ಮಾತ್ರ ಸರಿಯಾಗಿ ಕಾಣುತ್ತದೆ. ಸಾಯುವ ಎರಡು ವರ್ಷ ಮೊದಲು, 1293ರಲ್ಲಿ, ಬರೆದ ಉಯಿಲಿನಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಧಾರಾಳವಾಗಿ ದಾನ ಬಿಟ್ಟಿದ್ದಾನೆ. ಬಡತನದ ವ್ರತ ಹಿಡಿದವರಿಗೆ ಸಾಹುಕಾರ ವೈದ್ಯನ ದಾನ.

ನಾನು ಇಷ್ಟು ಹೊತ್ತು ತದ್ದೆಯೊನ ಬಗ್ಗೆ ಮಾತಾಡಲು ಕಾರಣವಾದ ಸಂಗತಿ ಇನ್ನೂ ಹೇಳಿಲ್ಲ. ಅದಕ್ಕೆ ಮೊದಲು ಮನೆಯ ಒಂದು ಮಾತು.

1972ರ ಬರಗಾಲದ ವರ್ಷ. ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ನಮ್ಮವ್ವನಿಗೆ ಎದೆಯಲ್ಲಿ ಏನೋ ತ್ರಾಸು ಶುರುವಾಗಿ ಪಟ್ಟಣದ ದವಾಖಾನೆಗೆ ಹೋದೆವು. ಜೊತೆಗೆ ಹೋದವನು ನಾನು, ಕನ್ನಡ ಶಾಲೆಯ ಏಳನೆಯ ಇಯತ್ತೆಯ ಹುಡುಗ. ಡಾಕ್ಟರು ಮರಾಠಿ ಮಾತಾಡುವ ತರುಣರು, ಒಳ್ಳೆಯವರು. ಏನಾಗ್ತದೆ ಎಂದು ಕೇಳಿದ್ದಕ್ಕೆ ಅವ್ವ, "ಎದ್ಯಾಗ ಸಂಕಟ ಆಗತೈತ್ರಿ" ಅಂದಳು. ನಮ್ಮ ಮಾತಿನಲ್ಲಿ ಸಂಕಟ ಎಂದರೆ ದೇಹದ ಬೇನೆ. ಮರಾಠಿಯಲ್ಲಿ ಸಂಕಟ ಎಂದರೆ ಬಂದೊದಗಿದ ಆಪತ್ತು. ಅವರಿಗೆ ತಿಳಿದದ್ದು ಆ ಒಂದೇ ಶಬ್ದ. "ಕಾಯ್ ಸಂಕಟ ಆಲಂ, ಮಾವಶಿ?" ಎಂದು ಮರುಕದಿಂದ ಕೇಳಿದರು. ಅವ್ವನಿಗೆ ಅದೂ ಅರ್ಧ ತಿಳಿಯಿತು. ಮಳೆ ಇಲ್ಲ, ದನ ಮಾರಿದೆವು ಎಂದು ಬರದ ಕಥೆಯನ್ನೆಲ್ಲ ಹೇಳಿಕೊಂಡಳು. ಚಿಂತೆಯಿಂದ ಹೀಗಾಗಿದೆ ಎಂದುಕೊಂಡು ನಿದ್ದೆಯ ಗುಳಿಗೆ ಕೊಟ್ಟು ಕಳಿಸಿದರು. ನನಗೆ ಎರಡೂ ಮಾತು ಅಷ್ಟಿಷ್ಟು ಬರುತ್ತಿತ್ತು. ತಪ್ಪಾಗುತ್ತಿದೆ ಎಂದು ಗೊತ್ತಾಗಿತ್ತು. ದೊಡ್ಡವರ ಮುಂದೆ ಬಾಯಿ ತೆರೆಯಲು ಧೈರ್ಯ ಸಾಲಲಿಲ್ಲ. ಎಂಟು ದಿನದ ಮೇಲೆ ಮತ್ತೆ ಹೋದಾಗ ಅಲ್ಲಿದ್ದ ಕನ್ನಡದ ಕಂಪೌಂಡರರೊಬ್ಬರು ನಡುವೆ ನಿಂತು ಹೇಳಿದ ಮೇಲೆ ಸರಿಯಾದ ಔಷಧ ಸಿಕ್ಕಿತು. ಆ ಎಂಟು ರಾತ್ರಿ ಅವ್ವ ಎದ್ದು ಕೂತಿರುತ್ತಿದ್ದಳು. ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ತದ್ದೆಯೊ ಕಲಿಸಿದ್ದು, ವ್ಯಾಖ್ಯಾನ ಬರೆದದ್ದು, ವಾದ ಮಾಡಿದ್ದು ಎಲ್ಲ ಲ್ಯಾಟಿನ್ನಿನಲ್ಲಿ. ಓದಿದವರ ಭಾಷೆ ಅದೊಂದೇ. ಆದರೆ ಅವನದೊಂದು ಸಣ್ಣ ಪುಸ್ತಕವಿದೆ, ಆರೋಗ್ಯ ಕಾಪಾಡಿಕೊಳ್ಳುವುದನ್ನು ಕುರಿತದ್ದು. ಫ್ಲಾರೆನ್ಸಿನ ಕೊರ್ಸೊ ದೊನಾತಿ ಎಂಬ ಸರದಾರನಿಗೆ ಬರೆದುಕೊಟ್ಟದ್ದು. ಅದು ಟಸ್ಕನಿಯ ಆಡುಮಾತಿನಲ್ಲೂ ಉಳಿದುಬಂದಿದೆ. ಬೆಳಿಗ್ಗೆ ಏಳುತ್ತಲೇ ಕೈಕಾಲು ಚಾಚು, ತಣ್ಣೀರಿನಿಂದ ಮುಖ ತೊಳೆ, ಹಲ್ಲು ಉಜ್ಜು, ತಲೆ ಬಾಚು, ಹೀಗೆ ಶುರುವಾಗುತ್ತದೆ ಅದರ ಉಪದೇಶ. ಹೊಸದೇನೂ ಇಲ್ಲ, ನಮ್ಮ ಅಜ್ಜಿಯಂದಿರು ಹೇಳುವುದೇ. ಆದರೆ ವೈದ್ಯದ ಮಾತು ಆ ನೆಲದ ಆಡುಮಾತಿನ ಗದ್ಯದಲ್ಲಿ ಬರಹಕ್ಕೆ ಇಳಿದ ಬಹಳ ಹಳೆಯ ಉದಾಹರಣೆಗಳಲ್ಲಿ ಇದೊಂದು. ಲ್ಯಾಟಿನ್ ಬಾರದವನೊಬ್ಬ, ನಡುವೆ ಯಾವ ಕಂಪೌಂಡರನೂ ಇಲ್ಲದೆ, ದೊಡ್ಡ ವೈದ್ಯನ ಮಾತನ್ನು ತಾನೇ ಓದಬಹುದಿತ್ತು, ಓದಿಸಿಕೊಂಡು ಕೇಳಬಹುದಿತ್ತು.

ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಅರಿಸ್ಟಾಟಲನ ನೀತಿಶಾಸ್ತ್ರದ ಒಂದು ಸಂಗ್ರಹ ಅರಬಿಯಿಂದ ಲ್ಯಾಟಿನ್ನಿಗೆ ಬಂದಿತ್ತು, ಅದನ್ನು ಟಸ್ಕನ್ ಮಾತಿಗೆ ತಂದ. ಇದಕ್ಕೆ ಸಿಕ್ಕ ಬಹುಮಾನ ಏನು ಗೊತ್ತೇ? ಮಹಾಕವಿ ದಾಂತೆಯ ಬೈಗುಳ. 1304ರಿಂದ 1307ರ ಸುಮಾರಿಗೆ ಬರೆದ ಕೊನ್ವಿವಿಯೊ ಎಂಬ ಗ್ರಂಥದಲ್ಲಿ ದಾಂತೆ, ನಾನೇ ನನ್ನ ವ್ಯಾಖ್ಯಾನವನ್ನು ಆಡುಮಾತಿನಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಬೇರೆ ಯಾರೋ ಅದನ್ನು ಅಂದಗೆಡಿಸಿ ಅನುವಾದಿಸುತ್ತಾರೆ, ನೀತಿಶಾಸ್ತ್ರಕ್ಕೆ ತದ್ದೆಯೊ ಮಾಡಿದ ಹಾಗೆ, ಎಂಬ ಧಾಟಿಯಲ್ಲಿ ಹೆಸರು ಹಿಡಿದೇ ಕುಟುಕುತ್ತಾನೆ. ಕಾನ್‌ಸ್ಟಂಟೈನನನ್ನು ತಲೆಕೆಟ್ಟ ಸನ್ಯಾಸಿ ಎಂದವನಿಗೆ ಅದೇ ತೂಕದ ಮಾತು ತಿರುಗಿ ಬಂತು. ಕೇಳಿಸಿಕೊಳ್ಳಲು ಅವನು ಬದುಕಿರಲಿಲ್ಲ, ಅದೊಂದು ಪುಣ್ಯ. ಮುಂದೆ ದಿವ್ಯ ಪ್ರಹಸನದ ಸ್ವರ್ಗಕಾಂಡದಲ್ಲೂ, ಲೌಕಿಕ ಲಾಭಕ್ಕಾಗಿ ಓದುವವರ ಮಾತು ಬಂದಾಗ ತದ್ದೆಯೊ ಎಂಬ ಹೆಸರು ಬರುತ್ತದೆ. ಅದು ಈ ವೈದ್ಯನೇ ಎಂದು ಹೆಚ್ಚಿನ ಟೀಕಾಕಾರರ ಅಭಿಪ್ರಾಯ.

ದಾಂತೆಯ ಮಾತಿನಲ್ಲಿ ಸ್ವಲ್ಪ ಅನ್ಯಾಯವಿದೆ ಎಂದು ನನಗೆ ಅನಿಸುತ್ತದೆ. ದಾಂತೆಯ ಕೈಗೆ ಆಡುಮಾತು ಸಿಕ್ಕದ್ದು ಕವಿಯ ಕೈಗೆ ಸಿಕ್ಕ ಹಾಗೆ. ತದ್ದೆಯೊನ ಕೈಗೆ ಸಿಕ್ಕದ್ದು ಕೆಲಸಗಾರನ ಕೈಗೆ ಸಿಕ್ಕ ಹಾಗೆ. ಶಾಸ್ತ್ರದ ಶಬ್ದಗಳೇ ಇನ್ನೂ ಹುಟ್ಟದ ಭಾಷೆಯಲ್ಲಿ ಶಾಸ್ತ್ರ ಬರೆಯಹೋದವನ ಗದ್ಯ ಒರಟಾಗದೆ ಇರುತ್ತದೆಯೇ? ತಮಾಷೆ ಎಂದರೆ, ತದ್ದೆಯೊ ತೀರಿಕೊಂಡ ಅದೇ 1295ರಲ್ಲಿ ದಾಂತೆ ಫ್ಲಾರೆನ್ಸಿನಲ್ಲಿ ಒಂದು ಕಸುಬುದಾರರ ಸಂಘಕ್ಕೆ ಸೇರಿದ. ನಗರದ ಅಧಿಕಾರ ಹಿಡಿಯಬೇಕಾದರೆ ಯಾವುದಾದರೂ ಸಂಘದಲ್ಲಿ ಹೆಸರಿರಬೇಕಿತ್ತು. ಅವನು ಸೇರಿದ್ದು ವೈದ್ಯರ ಮತ್ತು ಔಷಧ ಮಾರುವವರ ಸಂಘಕ್ಕೆ!

ತದ್ದೆಯೊನ ಶಿಷ್ಯರು ದೊಡ್ಡ ದೊಡ್ಡ ಹೆಸರು ಮಾಡಿದರು. ದೀನೊ ದೆಲ್ ಗಾರ್ಬೊ ಗುರುವಿನ ಹಾಗೆ ವ್ಯಾಖ್ಯಾನಕಾರನಾದ, ವೈದ್ಯಗ್ರಂಥಗಳಿಗಷ್ಟೇ ಅಲ್ಲ, ಗುಯಿದೊ ಕವಲ್ಕಾಂತಿಯ ಪ್ರೇಮಗೀತೆಯೊಂದಕ್ಕೂ ವ್ಯಾಖ್ಯಾನ ಬರೆದ. ಬಾರ್ತೊಲೊಮೆಯೊ ದ ವರಿನ್ಯಾನ ಎಂಬುವನಿಗೆ ಬೇರೆ ರೀತಿಯ ಕೆಲಸ ಬಂತು. 1302ರಲ್ಲಿ ಬೊಲೊನ್ಯದಲ್ಲಿ ಒಬ್ಬ ಗೃಹಸ್ಥ ಅನುಮಾನಾಸ್ಪದವಾಗಿ ಸತ್ತಾಗ, ವಿಷ ಹಾಕಿದ್ದಾರೆಯೇ ನೋಡಿ ಎಂದು ನ್ಯಾಯಾಧೀಶರು ವೈದ್ಯರನ್ನು ಕಳಿಸಿದರು. ಅವರಲ್ಲಿ ಇವನೂ ಒಬ್ಬ. ಹೆಣ ಕೊಯ್ದು ಒಳಗಿನದನ್ನು ನೋಡಿ, ಕಂಡದ್ದನ್ನು ಬರೆದುಕೊಟ್ಟರು.

ಅದೇ ಬೊಲೊನ್ಯದ ಶಾಲೆಯಲ್ಲಿ ಬೆಳೆದ ಮೊಂದಿನೊ ದೆ ಲಿಯುಚ್ಚಿ 1316ರಲ್ಲಿ ಅನಾಟೊಮಿಯಾ ಎಂಬ ಪುಸ್ತಕ ಬರೆದ. ಹೆಣ ಕೊಯ್ಯುವವನು ಎಲ್ಲಿಂದ ಶುರು ಮಾಡಿ ಎಲ್ಲಿಗೆ ಹೋಗಬೇಕು ಎಂದು ಕೈಹಿಡಿದು ಕಲಿಸುವ ಪುಸ್ತಕ ಅದು. ಇನ್ನೂರು ವರ್ಷ ಯುರೋಪಿನ ವೈದ್ಯಶಾಲೆಗಳಲ್ಲಿ ಪಾಠವಾಯಿತು. ಅದರಲ್ಲಿ ಗರ್ಭಕೋಶದ ಭಾಗಕ್ಕೆ ಬಂದಾಗ ಮೊಂದಿನೊ ತಾನು ನೋಡಿದ್ದನ್ನು ತಿಂಗಳು ಸಹಿತ ಬರೆಯುತ್ತಾನೆ. 1315ರ ಜನವರಿಯಲ್ಲಿ ಒಬ್ಬ ಹೆಂಗಸಿನ ದೇಹ, ಮಾರ್ಚಿಯಲ್ಲಿ ಇನ್ನೊಬ್ಬಳದು, ಇಬ್ಬರ ಗರ್ಭಕೋಶದ ಗಾತ್ರ ಒಂದೇ ಇರಲಿಲ್ಲ. ಗರ್ಭಿಣಿಯ ದೇಹ ಅವನಿಗೂ ಸಿಕ್ಕಿರಲಿಲ್ಲ. 1316ರಲ್ಲಿ ಗಬ್ಬದ ಹಂದಿಯೊಂದನ್ನು ತರಿಸಿ ಕೊಯ್ದು ನೋಡಿದ. ಒಳಗೆ ಹದಿಮೂರು ಮರಿಗಳಿದ್ದವು.